ಅಪ್‌ಡೇಟ್: ಅಪ್ಪನ ಅಯೋರ್ಟಾ ಊತ, ಇನ್ನೊಬ್ಬ ಡಾಕ್ಟರಿಗೆ ತೋರಿಸಿದ್ವಿ

ಸೇನೆಯಿಂದ ನಿವೃತ್ತರಾದ ನಮ್ಮಪ್ಪನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ (ಅಯೋರ್ಟಾ) 5.6 ಸೆಂ.ಮೀ. ಅಗಲಕ್ಕೆ ಉಬ್ಬಿದೆ, ಕೂಡಲೇ ಆಪರೇಷನ್ ಅಂತ ಡಾಕ್ಟರ್ ಅಂದಿದ್ದಾರೆ, ಇನ್ನೊಬ್ಬರನ್ನು ಕೇಳೋದಾ ಅಂತ ಇಲ್ಲಿ ಕೇಳಿದ್ದೆ. ಇನ್ನೊಬ್ಬರಿಗೆ ತೋರಿಸೋಕೆ ಅಪ್ಪ ಒಪ್ಪಿರಲಿಲ್ಲ. ಡಾಕ್ಟರ್ ಹೇಳಿದ ಮೇಲೆ ಮುಗೀತು, ಆರ್ಡರ್ ಅಂದ್ರೆ ಆರ್ಡರ್ ಅನ್ನೋ ಜಾಯಮಾನ ಅವರದು.

ಬರೀ ರಿಪೋರ್ಟ್ ಸಾಲದು, ಸಿಟಿ ಸ್ಕ್ಯಾನಿನ ಸಿಡಿಯನ್ನೇ ಒಯ್ಯಿರಿ ಅಂದವರಿಗೆ ದೊಡ್ಡ ನಮಸ್ಕಾರ. ಈ ಎರಡನೇ ಡಾಕ್ಟರ್, ವ್ಯಾಸ್ಕುಲರ್ (ರಕ್ತನಾಳದ) ಸರ್ಜನ್, ರಿಪೋರ್ಟ್ ಪಕ್ಕಕ್ಕಿಟ್ಟು, ಚಿತ್ರವನ್ನು ಪರದೆ ಮೇಲೆ ತಿರುಗಿಸಿ ತಿರುಗಿಸಿ ತಾವೇ ಅಳೆದರು. ನಾಳ ಸೊಟ್ಟಗಿರೋ ಕಡೆ ಮೊದಲು ಓರೆಯಾಗಿ ಅಳೆದಿದ್ದರಂತೆ. ಪೈಪನ್ನು ಓರೆಯಾಗಿ ಕೊಯ್ದರೆ ಬಾಯಿ ಅಗಲ ಕಾಣುತ್ತಲ್ಲ, ಹಾಗೆ. ಸರಿಯಾಗಿ ಅಡ್ಡಕ್ಕೆ ಅಳೆದಾಗ 5.1.

ಗಂಡಸರಿಗೆ ಸಾಮಾನ್ಯವಾಗಿ 5.5 ಮುಟ್ಟಿದರೆ, ಇಲ್ಲವೇ ಬೇಗ ಬೆಳೆದರೆ ಆಪರೇಷನ್ ಮಾತು. ಸದ್ಯಕ್ಕೆ 6 ತಿಂಗಳಿಗೊಮ್ಮೆ ಸ್ಕ್ಯಾನ್, ಬಿಪಿ ಹತೋಟಿ. ಮುಂದೆ ಬೇಕಾದರೆ ತೊಡೆಸಂದಿನಿಂದ ಸ್ಟೆಂಟ್ ಗ್ರಾಫ್ಟ್ (ನಾಳದೊಳಗೆ ಕೂರಿಸೋ ಕೊಳವೆ) ಹಾಕಬಹುದಾ ಅಂತ ಆಗ ನೋಡ್ತಾರಂತೆ. ಹೊಟ್ಟೆ, ಬೆನ್ನಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಮಾತ್ರ ಒಂದು ನಿಮಿಷವೂ ಕಾಯದೆ ಎಮರ್ಜೆನ್ಸಿಗೆ ಓಡಬೇಕು.

ಸಿಗರೇಟ್ ಬಂದ್ ಅಂದಾಗ ಅಪ್ಪನ ಮುಖ ನೋಡಬೇಕಿತ್ತು. ಇದೂ ಆರ್ಡರ್ರೇ ಅಂದೆ.