ಹಾಬ್ಸ್‌ನ ರಾಜಕೀಯ ಚಿಂತನೆಯಲ್ಲಿ ಗೆಲಿಲಿಯೋ ಕಾಲದ ಭೌತಶಾಸ್ತ್ರ ಎಲ್ಲಿದೆ?

ಪ್ರಶ್ನೆ:
ಹದಿನೇಳನೇ ಶತಮಾನದ ವಿಜ್ಞಾನವು ನೀತಿಚಿಂತನೆಯನ್ನೂ ರಾಜಕೀಯ ಚಿಂತನೆಯನ್ನೂ ಬದಲಿಸಿತು ಎನ್ನುವ ಪಠ್ಯಪುಸ್ತಕಗಳು ‘ಯಾಂತ್ರಿಕ ದೃಷ್ಟಿ’ (ಎಲ್ಲವನ್ನೂ ಯಂತ್ರದಂತೆ, ವಸ್ತುಗಳ ಚಲನೆಯಿಂದಲೇ ವಿವರಿಸುವುದು) ಎಂದಷ್ಟೇ ಹೇಳಿ ಮುಂದೆ ಹೋಗುತ್ತವೆ. ಆ ಕಾಲದ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್‌ನ ಬರಹದಲ್ಲೇ ಬೆರಳಿಟ್ಟು ತೋರಿಸಬಹುದಾದ ಜಾಗ ಇದೆಯೇ? ಸೆಮಿನಾರ್ ಪ್ರಬಂಧಕ್ಕೆ ಬೇಕಿತ್ತು.

ಉತ್ತರ 1:
ಖಂಡಿತ ಇದೆ. ರಾಜ್ಯದ ಬಗ್ಗೆ ಅವನು ಬರೆದ ‘ಲೆವಿಯಾಥನ್’ (1651) ತೆಗೆದು 2, 6, 11, 13ನೇ ಅಧ್ಯಾಯಗಳನ್ನು ಒಂದರ ಹಿಂದೊಂದು ಓದಿ.

2ನೆಯದು ಶುರುವಾಗುವುದೇ ಗೆಲಿಲಿಯೋ ಕಾಲದ ಭೌತಶಾಸ್ತ್ರದ ಚಲನೆಯಿಂದ: ಚಲಿಸುವ ವಸ್ತು ಬೇರೇನಾದರೂ ತಡೆಯುವವರೆಗೆ ಚಲಿಸುತ್ತಲೇ ಇರುತ್ತದೆ. ಜನ ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ತಮಗೆ ದಣಿವಾಗುವಂತೆ ಉಳಿದ ವಸ್ತುಗಳೂ ದಣಿದು ವಿಶ್ರಾಂತಿ ಬಯಸುತ್ತವೆ ಎಂದುಕೊಳ್ಳುತ್ತಾರೆ ಎನ್ನುತ್ತಾನೆ ಹಾಬ್ಸ್. 6ರಲ್ಲಿ ಬಯಕೆಯೂ ಜಿಗುಪ್ಸೆಯೂ ದೇಹದೊಳಗಿನ ಸೂಕ್ಷ್ಮ ಚಲನೆಗಳು: ಒಂದು ವಸ್ತುವಿನ ಕಡೆಗೆ, ಇನ್ನೊಂದು ಅದರಿಂದ ದೂರಕ್ಕೆ.

ನಿಜವಾದ ಪೆಟ್ಟು 11ರಲ್ಲಿದೆ. ಹಳೆಯ ನೀತಿಚಿಂತಕರು ಹೇಳುವ ಪರಮ ಗುರಿ, ಪರಮ ಶ್ರೇಯಸ್ಸು ಇಲ್ಲವೇ ಇಲ್ಲ ಎನ್ನುತ್ತಾನೆ. ಅರಿಸ್ಟಾಟಲ್‌ನಲ್ಲಿ ಕಲ್ಲಿಗೆ ತಾನಾಗಿ ಹೋಗಿ ನಿಲ್ಲುವ ಒಂದು ಸಹಜ ನೆಲೆ, ಮನುಷ್ಯನಿಗೊಂದು ಸಹಜ ಗುರಿ. ಮೊದಲನೆಯದನ್ನು ಕೈಬಿಟ್ಟವನಿಗೆ ಎರಡನೆಯದನ್ನು ಉಳಿಸಿಕೊಳ್ಳುವುದು ಕಷ್ಟ. ಸುಖವೆಂದರೆ ಒಂದು ಬಯಕೆಯಿಂದ ಮತ್ತೊಂದಕ್ಕೆ ಸಾಗುತ್ತಲೇ ಇರುವುದು. ನಾಳೆಯ ಬಯಕೆಗೂ ದಾರಿ ಭದ್ರವಾಗಿರಬೇಕು, ಅದಕ್ಕೇ ಬಲದ ಮೇಲೆ ಬಲ ಬೇಕು. ಎಲ್ಲರೂ ಹೆಚ್ಚುಕಡಿಮೆ ಸಮಬಲರಾಗಿದ್ದು, ಅಂಕೆಯಲ್ಲಿಡುವ ಅಧಿಕಾರವೂ ಇಲ್ಲದಿದ್ದರೆ ಏನಾದೀತು ಎಂಬುದೇ 13ನೇ ಅಧ್ಯಾಯ.

ಉತ್ತರ 2:
ಮೇಲಿನದು ಸರಿ, ಆದರೆ ‘ಭೌತಶಾಸ್ತ್ರದಿಂದ ರಾಜ್ಯವನ್ನು ನಿಗಮಿಸಿದ’ (ತರ್ಕದಿಂದ ನೇರವಾಗಿ ಹೊರಡಿಸಿದ) ಎಂದು ಮಾತ್ರ ಬರೆಯಬೇಡಿ. ಬಹಳ ಪ್ರಬಂಧಗಳು ಎಡವುವುದು ಅಲ್ಲೇ. ದೇಹ, ಮನುಷ್ಯ, ಪ್ರಜೆ ಎಂಬುದು ಅವನ ಯೋಜನೆಯ ಕ್ರಮ. ಕೊನೆಯದಾದ ‘ದೆ ಚೀವೆ’ 1642ರಲ್ಲೇ ಬಂತು, ಮೊದಲನೆಯದಾದ ‘ದೆ ಕಾರ್ಪೊರೆ’ 1655ರಲ್ಲಿ. ರಾಜ್ಯದ ಭಾಗ ಅನುಭವದಿಂದ ತಿಳಿದ ತನ್ನದೇ ತತ್ವಗಳ ಮೇಲೆ ನಿಲ್ಲುವುದರಿಂದ ಹಿಂದಿನವುಗಳ ಅಗತ್ಯವಿಲ್ಲ ಎಂದು ‘ದೆ ಚೀವೆ’ಯ ಮುನ್ನುಡಿಯಲ್ಲೇ ಹೇಳುತ್ತಾನೆ. ಅಲ್ಲೇ ಗಡಿಯಾರದ ಉದಾಹರಣೆಯೂ ಇದೆ: ಚಕ್ರಗಳ ಕೆಲಸ ತಿಳಿಯಲು ಬಿಚ್ಚಿ ನೋಡಬೇಕು, ರಾಜ್ಯವನ್ನೂ ವಿಸರ್ಜಿತವಾದಂತೆ ಭಾವಿಸಿ ನೋಡಬೇಕು.

ಪ್ರಶ್ನೆ ಕೇಳಿದವರು:
ಹಾಗಾದರೆ ನಿಸರ್ಗಸ್ಥಿತಿ, ಅಂದರೆ 13ರಲ್ಲಿ ಬರುವ ಅಧಿಕಾರವಿಲ್ಲದ ಸ್ಥಿತಿ, ಎಂಬುದು ಇತಿಹಾಸದ ಘಟ್ಟವಲ್ಲ?

ಉತ್ತರ 2:
ಮುಖ್ಯವಾಗಿ ಅಲ್ಲ. ಬಿಚ್ಚಿಟ್ಟ ಗಡಿಯಾರ ಅದು. ಹಾಗೆ ಬದುಕುವವರೆಂದು ಅಮೆರಿಕದ ಮೂಲನಿವಾಸಿಗಳ ಉದಾಹರಣೆ ಕೊಟ್ಟರೂ, ಇಡೀ ಜಗತ್ತು ಎಂದೂ ಹಾಗಿರಲಿಲ್ಲವೆಂದೇ ತನ್ನ ನಂಬಿಕೆ ಎಂದು 13ರಲ್ಲೇ ಬರೆದಿದ್ದಾನೆ.

ಉತ್ತರ 3:
ಇನ್ನೊಂದು ಎಚ್ಚರಿಕೆ. ಆ ಕಾಲದ ‘ವಿಜ್ಞಾನ’ ಒಂದೇ ಬಗೆಯದಲ್ಲ. ಹಾಬ್ಸ್‌ಗೆ ಮಾದರಿ ಜ್ಯಾಮಿತಿ: ವ್ಯಾಖ್ಯೆಯಿಂದ ಹೊರಟರೆ ತೀರ್ಮಾನಕ್ಕೆ ಅನುಮಾನವಿರದು. ಪ್ರಯೋಗವಾದಿ ವಿಜ್ಞಾನಿ ರಾಬರ್ಟ್ ಬಾಯ್ಲ್‌, ಪಾತ್ರೆಯೊಳಗಿನ ಗಾಳಿ ಹೊರತೆಗೆಯುವ ಪಂಪಿನಿಂದ ಮಾಡಿದ ಪ್ರಯೋಗಗಳನ್ನು ಅವನು 1661ರಲ್ಲಿ ಕಟುವಾಗಿ ಟೀಕಿಸಿದ. ಪಂಪು ಸೋರುತ್ತದೆ, ಒಳಗೆ ನಿರ್ವಾತವೇ ಇಲ್ಲ ಎಂಬುದು ಅವನ ಆಕ್ಷೇಪ. ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಹಾಬ್ಸ್ ಸದಸ್ಯನಾಗಲೇ ಇಲ್ಲ. ಮುಂದಿನ ಶತಮಾನದ ಸ್ಕಾಟಿಷ್ ತತ್ವಜ್ಞಾನಿ ಡೇವಿಡ್ ಹ್ಯೂಮ್ ಹಿಡಿದದ್ದು ಇನ್ನೊಂದು ದಾರಿ. ನೈತಿಕ ವಿಷಯಗಳಿಗೆ ಪ್ರಯೋಗಾತ್ಮಕ ವಿಧಾನವನ್ನು ತರುವ ಯತ್ನವೆಂದು ಅವನ 1739ರ ‘ಟ್ರೀಟಿಸ್ ಆಫ್ ಹ್ಯೂಮನ್ ನೇಚರ್’ನ ಉಪಶೀರ್ಷಿಕೆಯೇ ಸಾರುತ್ತದೆ. ‘ಇದೆ’ ಎನ್ನುವ ವಾಕ್ಯಗಳಿಂದ ‘ಮಾಡಬೇಕು’ ಎನ್ನುವುದಕ್ಕೆ ಲೇಖಕರು ಸದ್ದಿಲ್ಲದೆ ದಾಟುವುದನ್ನು ಗುರುತಿಸಿದ್ದೂ ಅದೇ ಕೃತಿಯ ಮೂರನೇ ಸಂಪುಟ (1740). 6ನೇ ಅಧ್ಯಾಯದ ಚಲನೆಯಿಂದ 14ನೇ ಅಧ್ಯಾಯದ ಕರ್ತವ್ಯಕ್ಕೆ ಹಾಬ್ಸ್ ಹೇಗೆ ದಾಟುತ್ತಾನೆ ಎಂಬುದನ್ನು ಈ ಪ್ರಶ್ನೆ ಇಟ್ಟುಕೊಂಡು ಪರೀಕ್ಷಿಸಿ. ನಿಮ್ಮ ಪ್ರಬಂಧಕ್ಕೆ ಗಟ್ಟಿ ವಿಷಯ ಸಿಗುವುದು ಅಲ್ಲೇ.