ಸನ್ನತಿ, ಕನಗನಹಳ್ಳಿ, ಭೀಮಾ ದಂಡೆ: ಮಕ್ಕಳ ಜೊತಿ ಒಂದು ದಿನ. ಗೊತ್ತಿದ್ದವರು ಹೇಳ್ರಿ

ಕಲಬುರಗಿಯಿಂದ ಪ್ರಶ್ನೆ: 8ನೇ ತರಗತಿಯ 40 ಮಕ್ಕಳನ್ನ ಡಿಸೆಂಬರ್‌ದಾಗ ಸನ್ನತಿಗೆ ಕರ್ಕೊಂಡು ಹೋಗೋದದ. ಸ್ತೂಪ, ಗುಡಿ, ನದಿ ಮೂರೂ ಒಂದೇ ದಿನದಾಗ ಮುಗೀತಾವೇನ್ರಿ? ಯಾವುದು ಮೊದಲು?

ಚಿತ್ತಾಪುರದಿಂದ: ಮುಗೀತಾವ್ರಿ ಸರ್, ಆದ್ರ ಸನ್ನತಿ ಹತ್ತಿರದ ಕನಗನಹಳ್ಳಿ ಬೌದ್ಧ ಸ್ತೂಪಾನೇ ಮೊದಲು. ಮುಂಜಾನೆ 6ಕ್ಕ ಬಸ್ ಬಿಡ್ರಿ. ಅಲ್ಲಿ ನೆರಳು ಕಡಿಮಿ ಅನ್ನೋದು ಒಂದು ಕಾರಣ, ದೊಡ್ಡ ಕಾರಣ ಬೆಳಕು. ಅಲ್ಲಿನ ಚಪ್ಪಡಿ ಮ್ಯಾಲಿನ ಬ್ರಾಹ್ಮಿ (ಅಶೋಕನ ಕಾಲದ ಹಳೇ ಲಿಪಿ) ಅಕ್ಷರ ಭಾಳ ಆಳ ಕೊರೆದಿಲ್ಲ. ಎಳೆಬಿಸಿಲು ಅಡ್ಡ ಬಿದ್ದಾಗ ಒಂದೊಂದು ಗೆರಿಗೂ ನೆರಳು ಕೂಡ್ತದ. ನಡುಮಧ್ಯಾಹ್ನ ಅದೇ ಚಪ್ಪಡಿ ಬೋಳು ಕಲ್ಲಿನಂಗ ಕಾಣ್ತದ. ಛತ್ರ-ಚಾಮರ ಹಿಡಿದ ಸೇವಕಿಯರ ನಡುವೆ ರಾಣಿ ಜೊತಿ ನಿಂತ ರಾಜನ ಶಿಲ್ಪ ಅದ, ಅದರ ಮ್ಯಾಲ ‘ರಾಯ ಅಸೋಕೋ’ ಅಂತ ಬರ್ದದ. ಅಶೋಕನ ಹೆಸರಿನ ಜೊತಿಗೇ ಅವನ ರೂಪ ಸಿಕ್ಕಿದ್ದು ನಮ್ಮ ಈ ಭೀಮಾ ತೀರದಾಗ. ಇದನ್ನ ಮಕ್ಕಳಿಗೆ ನಿಧಾನಕ್ಕ ತೋರಿಸ್ರಿ.

ಶಹಾಬಾದದಿಂದ: ಅಕ್ಷರ ಕಾಣ್ಲಿ ಅಂತ ಬಳಪ ತಿಕ್ಕೋದು, ನೀರು ಹೊಯ್ಯೋದು ಬ್ಯಾಡೇ ಬ್ಯಾಡ. ಇದು ನಮ್ಮ ಕಡಿ ಸುಣ್ಣದ ಕಲ್ಲು, ಪದರು ಪದರಾಗಿ ಏಳ್ತದ. ಬಳಪದ ಪುಡಿ ಗೆರಿಯೊಳಗ ಕೂತ್ರ ತೆಗೆಯೋಕಾಗಲ್ಲ. ಮೋಡ ಇದ್ರ ಮೊಬೈಲ್ ಟಾರ್ಚನ್ನ ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡೀರಿ, ಎದುರಿನಿಂದಲ್ಲ. ಕಾವಲುಗಾರರನ್ನ ಕೇಳಿಯೇ ಒಳಗ ಹೋಗ್ರಿ.

ಸೇಡಂದಿಂದ: ಹಿಂದಿನ ದಿನ ನಾಕೇ ನಾಕು ಬ್ರಾಹ್ಮಿ ಅಕ್ಷರ ಕಲಿಸ್ರಿ, ಸಾಕು. ‘ಕ’ ಕೂಡಿಸೋ ಚಿಹ್ನೆಯಂಗ, ‘ಗ’ ಗುಡಿಸಲ ಚಾವಣಿಯಂಗ, ‘ಠ’ ದುಂಡು ಸೊನ್ನಿ, ‘ಟ’ ಅರ್ಧ ಸೊನ್ನಿ. ಅಲ್ಲಿ ಮಕ್ಕಳು ತಾವೇ ಹುಡುಕ್ತಾರ. ಚಂದ್ರಲಾಂಬಾ ಗುಡಿ ಮಧ್ಯಾಹ್ನಕ್ಕಿರಲಿ, ನೆರಳು ಸಿಗ್ತದ. ಅದೇ ಆವರಣದ ಕಾಳಿ ಗುಡಿ ಚಾವಣಿ 1986ರಲ್ಲಿ ಕುಸಿದಾಗ ದೇವಿಯ ಪೀಠವೇ ಅಶೋಕನ ಶಾಸನ ಅಂತ ತಿಳೀತು. ಮೂರ್ತಿ ಕೂಡಿಸಲಿಕ್ಕೆ ನಡುವೆ ತೂತು ಕೊರೆದಲ್ಲಿ ಅಕ್ಷರ ಹೋಗ್ಯಾವ. ಶುಕ್ರವಾರ, ಹುಣ್ಣಿಮಿ ಬಿಟ್ಟು ಹೋಗ್ರಿ, ಗದ್ದಲ ಇರ್ತದ.

ಯಾದಗಿರಿಯಿಂದ: ನದಿ 4 ಗಂಟೆ ಮ್ಯಾಲ, ಅದೂ ದಂಡಿ ಮ್ಯಾಲಿಂದ. ಬ್ಯಾರೇಜಿನ ನಿಂತ ನೀರು ಶಾಂತ ಕಾಣ್ತದ, ಅಂಚಿನ ಹೂಳಿನಾಗ ಮೊಣಕಾಲು ತನಕ ಹೂತು ಹೋಗ್ತದ. ಗೇಟ್ ತೆಗೆದ್ರ ಕೆಳಗಡೆ ನೀರು ಒಮ್ಮೆಲೇ ಏರ್ತದ. ಮಳೆಗಾಲದಾಗ ಹೋಗೋರು ಮ್ಯಾಲ ಮಹಾರಾಷ್ಟ್ರದಾಗ ಭೀಮಾಕ್ಕ ಕಟ್ಟಿದ ಉಜನಿ ಡ್ಯಾಂ ನೀರು ಬಿಟ್ಟ ಸುದ್ದಿ ನೋಡ್ರಿ. ಇಲ್ಲಿ ಒಂದು ಹನಿ ಬೀಳದಿದ್ರೂ ಭೀಮಾ ತುಂಬಿ ಬರ್ತದ. ದಂಡಿ ಮ್ಯಾಲ ಸುಮ್ಮ ಹತ್ತು ನಿಮಿಷ ಕೂಡಿಸಿದ್ರ ಕಪ್ಪು-ಬಿಳಿ ಮಿಂಚುಳ್ಳಿ ಕಾಣ್ತದ. ಗಾಳ್ಯಾಗ ಒಂದೇ ಕಡಿ ರೆಕ್ಕಿ ಬಡೀತಾ ನಿಂತು, ಕೊಕ್ಕು ಕೆಳಗ ಮಾಡಿ, ಕಲ್ಲು ಬಿದ್ದಂಗ ನೀರಿಗೆ ಬೀಳ್ತದ.

ಚಿತ್ತಾಪುರದಿಂದ ಮತ್ತ: ನೀರು ತಲಿಗೆ 3 ಲೀಟರ್ ಹಿಡೀರಿ, ಅಂದ್ರ 20 ಲೀಟರಿನ 6 ಕ್ಯಾನ್. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಮೊಸರನ್ನ ಮಧ್ಯಾಹ್ನಕ್ಕ ಹುಳಿ ಬರ್ತದ. ಬಸ್ ಡಾಂಬರ್ ಮ್ಯಾಲೇ ನಿಲ್ಲಿಸ್ರಿ. ಎರೆ ಮಣ್ಣು ಮ್ಯಾಲ ಒಣಗಿದ್ರೂ ಒಳಗ ಹಸಿ ಇರ್ತದ, ಗಾಲಿ ಇಳಿದ್ರ ಟ್ರ್ಯಾಕ್ಟರ್ ತರಿಸಬೇಕಾಗ್ತದ.