ಕಾಂಪ್ಲೆಕ್ಸ್ ಹಾಕದ ಬ್ಲಾಂಕ್ ಯಾಕೆ ಹಳದಿ ಆಗುತ್ತಿದೆ? ಮೂರು ವಾರದಿಂದ ತಲೆ ಕೆಟ್ಟಿದೆ

ಹಳದಿ_ಕ್ಯೂವೆಟ್ (ಬಳ್ಳಾರಿ)
ಎಲ್ಲರಿಗೂ ನಮಸ್ಕಾರ. ಫಾಸ್ಫೇಟ್ ಹೈಡ್ರಾಲಿಸಿಸ್ (ಫಾಸ್ಫೇಟ್ ಕೊಂಡಿಯನ್ನು ನೀರಿನಿಂದ ಒಡೆಯೋದು) ಮಾಡುತ್ತಿದ್ದೇನೆ. ಒಡೆಯೋ ಕೆಲಸಕ್ಕೆ ಹಾಕುವ ಲೋಹದ ಕಾಂಪ್ಲೆಕ್ಸ್ ನಾನೇ ಮಾಡಿದ್ದು, ಎರಡು ಜಿಂಕ್ ಕೂತಿರುವ ಶಿಫ್ ಬೇಸ್ (ಲೋಹ ಹಿಡಿಯುವ ಸಾವಯವ ಅಣು). ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್ ಒಡೆದರೆ ನೈಟ್ರೋಫಿನಾಲ್ ಬರುತ್ತೆ, ಹಳದಿ ಆಗುತ್ತೆ, 405 ನ್ಯಾನೋಮೀಟರ್ ಬೆಳಕು ಎಷ್ಟು ಹೀರಿತು ಅಂತ ಓದುತ್ತೇನೆ. ಎಲ್ಲರೂ ಮಾಡುವ ಕೆಲಸವೇ.

ಆದರೆ ಹೋಲಿಕೆಗೆ ಅಂತ ಇಟ್ಟ, ಕಾಂಪ್ಲೆಕ್ಸ್ ಹಾಕದ ಬ್ಲಾಂಕ್ ಕೂಡ ಹಳದಿ ಆಗುತ್ತಿದೆ! ಒಂದು ಗಂಟೆಯಲ್ಲಿ 0.04 ಇದ್ದದ್ದು 0.31ಕ್ಕೆ ಹೋಗುತ್ತೆ. ಕಾಂಪ್ಲೆಕ್ಸ್ ಹಾಕಿದ ಕ್ಯೂವೆಟ್ (ರೀಡಿಂಗ್ ತೆಗೆಯುವ ಚಿಕ್ಕ ಪಾತ್ರೆ) 0.52. ಬೆಳಿಗ್ಗೆ ಒಂದು ಲೆಕ್ಕ, ಮಧ್ಯಾಹ್ನ ಇನ್ನೊಂದು ಲೆಕ್ಕ. ಸೋಮವಾರ ಗೈಡ್‌ಗೆ ಗ್ರಾಫ್ ತೋರಿಸಬೇಕು, ಏನು ತೋರಿಸಲಿ? ದಯವಿಟ್ಟು ಯಾರೂ "ಗಾಜು ಸರಿಯಾಗಿ ತೊಳಿ" ಅನ್ನಬೇಡಿ. ನೈಟ್ರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿ ತೊಳೆದಿದ್ದೇನೆ. ಎಲ್ಲ ಸರಿಯಾಗೇ ಇದೆ, ರಿಸಲ್ಟ್ ಒಂದು ಬಿಟ್ಟು.

ಬಿಸಿಲೂರು (ರಾಯಚೂರು)
ಶಿಫ್ ಬೇಸ್ ತಾನೇ ಹಳದಿ ಅಲ್ವಾ? ಅದರ ಬಣ್ಣವೇ 400ರ ಸುತ್ತ ಬರುತ್ತೆ. ನೀವು ನೋಡುತ್ತಿರುವುದು ನೈಟ್ರೋಫಿನಾಲ್ ಅಲ್ಲ, ನಿಮ್ಮ ಲಿಗ್ಯಾಂಡನ್ನೇ, ಅಂದರೆ ಜಿಂಕ್ ಹಿಡಿದಿರುವ ಆ ಶಿಫ್ ಬೇಸನ್ನೇ.

ಹಳದಿ_ಕ್ಯೂವೆಟ್
ಸರ್, ಬ್ಲಾಂಕ್‌ನಲ್ಲಿ ಕಾಂಪ್ಲೆಕ್ಸೇ ಇಲ್ಲ. ಲಿಗ್ಯಾಂಡ್ ಎಲ್ಲಿಂದ ಬರಬೇಕು?

ಬಿಸಿಲೂರು
ನೀರಿನಲ್ಲಿ ಶಿಫ್ ಬೇಸ್ ಬಿಚ್ಚಿಕೊಳ್ಳುತ್ತೆ, ಆಲ್ಡಿಹೈಡ್ ಹೊರಗೆ ಬರುತ್ತೆ. ಅದನ್ನೂ ನೋಡಿ.

ಸಂಡೂರು_ಗುಡ್ಡ (ಬಳ್ಳಾರಿ)
ಬಳ್ಳಾರಿ ಅಂದ ಮೇಲೆ ಕೇಳಬೇಕೇನ್ರೀ? ಕೆಂಪು ಧೂಳು. ನಾನು ಸಂಡೂರಿನವನು. ನಮ್ಮ ಮನೆಯಲ್ಲಿ ಬಿಳಿ ಅಂಗಿ ಒಣ ಹಾಕಿದರೆ ಸಂಜೆಗೆ ಇಟ್ಟಿಗೆ ಬಣ್ಣ. ಕಬ್ಬಿಣ ಬಫರ್‌ಗೆ (ಪಿಎಚ್ ಸ್ಥಿರವಾಗಿಡುವ ದ್ರಾವಣಕ್ಕೆ) ಬಿದ್ದಿದೆ. ಇಲ್ಲಾಂದ್ರೆ ನೀರಿನಲ್ಲೇ ಲೋಹ ಇದೆ. ಬ್ಲಾಂಕ್‌ಗೆ ಲೋಹ ಕಟ್ಟಿಹಾಕುವ ಇಡಿಟಿಎ ಹಾಕಿ ಅರ್ಧ ಗಂಟೆ ಬಿಟ್ಟು ಓದಿ. ಹಳದಿ ನಿಂತರೆ ಲೋಹವೇ ಕಳ್ಳ.

ಹಳದಿ_ಕ್ಯೂವೆಟ್
ಯಪ್ಪಾ! ನಿಂತುಬಿಟ್ಟಿತು ಅಣ್ಣಾ. 1 ಮಿಲಿಮೋಲಾರ್ ಇಡಿಟಿಎ ಹಾಕಿದೆ, ಒಂದು ಗಂಟೆ ಆದರೂ 0.05. ಹಾಗಾದರೆ ಲೋಹವೇ.

ಸಂಡೂರು_ಗುಡ್ಡ
ನಾನು ಹೇಳಲಿಲ್ವಾ! ನೀರು ಬದಲಾಯಿಸಿ. ಎರಡು ಸಲ ಡಿಸ್ಟಿಲ್ ಮಾಡಿ, ಗಾಜಿನ ಬಾಟಲಿ ಬಿಟ್ಟು ಪ್ಲಾಸ್ಟಿಕ್‌ನಲ್ಲಿಡಿ. ಬೆಂಚಿನ ಮೇಲೆ ಮುಚ್ಚಳ ತೆಗೆದಿಡಬೇಡಿ. ಕಿಟಕಿ ಹಾಕಿ.

ಹಳದಿ_ಕ್ಯೂವೆಟ್
ನಾಲ್ಕು ದಿನ ಹೋಯಿತು. ಎರಡು ಸಲ ಡಿಸ್ಟಿಲ್ ಮಾಡಿದ ನೀರು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದೆ. ಬ್ಲಾಂಕ್ 0.29. ಹಾಗೇ ಇದೆ ಅಂತಲೇ ಲೆಕ್ಕ.

ಸಂಡೂರು_ಗುಡ್ಡ
ಮೂರನೇ ಸಲ ಡಿಸ್ಟಿಲ್ ಮಾಡಿ.

ಗಂಗಾವತಿ_ಗದ್ದೆ (ಕೊಪ್ಪಳ)
ನೀರಿನ ಮಾತು ಸಾಕು. ಬಫರ್ ಯಾವುದು ಅಂತ ಇಷ್ಟು ಹೊತ್ತಾದರೂ ಯಾರೂ ಕೇಳಿಲ್ಲ. ತಮ್ಮಾ, ಬಫರ್ ಯಾವುದು? ಟೆಂಪರೇಚರ್ ಎಷ್ಟು?

ಹಳದಿ_ಕ್ಯೂವೆಟ್
ತಮ್ಮ ಅಲ್ಲ, ತಂಗಿ. ಟ್ರಿಸ್, 50 ಮಿಲಿಮೋಲಾರ್, ಪಿಎಚ್ 8. ವಾಟರ್ ಬಾತ್ 30 ಡಿಗ್ರಿ.

ಗಂಗಾವತಿ_ಗದ್ದೆ
ತಪ್ಪಾಯ್ತು ತಂಗಿ. ವಾಟರ್ ಬಾತ್‌ಗೆ ಚಿಲ್ಲರ್ ಇದೆಯಾ? ಅಥವಾ ಬರೀ ಹೀಟರ್ರಾ?

ಹಳದಿ_ಕ್ಯೂವೆಟ್
ಬರೀ ಹೀಟರ್. 30ಕ್ಕೆ ಇಟ್ಟಿದ್ದೇನಲ್ಲ ಅಣ್ಣಾ.

ಗಂಗಾವತಿ_ಗದ್ದೆ
ಇದು ಏಪ್ರಿಲ್. ಮಧ್ಯಾಹ್ನ ನಿಮ್ಮ ರೂಮೇ 39 ಇರುತ್ತೆ. ಹೀಟರ್ ಸುಮ್ನೆ ಆಫ್ ಆಗಿ ಕೂತಿರುತ್ತೆ, ಬಾತ್ ಕೂಡ 38 ಆಗಿರುತ್ತೆ. ಒಮ್ಮೆ ಥರ್ಮಾಮೀಟರ್ ಅದ್ದಿ ನೋಡಿ. ಇನ್ನೊಂದು, ಟ್ರಿಸ್ ಪಿಎಚ್ ಡಿಗ್ರಿಗೆ 0.028ರಷ್ಟು ಇಳಿಯುತ್ತೆ. ಎಸಿ ರೂಮಿನಲ್ಲಿ 24ಕ್ಕೆ ಪಿಎಚ್ 8 ಮಾಡಿ 38ಕ್ಕೆ ಓದಿದರೆ ಅದು 7.6. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಲೆಕ್ಕ ಬರೋದು ಇದಕ್ಕೇ. ಮೊದಲು ಹೆಪೆಸ್ ಅನ್ನೋ ಬಫರ್‌ಗೆ ಬನ್ನಿ. ಟ್ರಿಸ್ ಸಾಲದ್ದಕ್ಕೆ ಲೋಹಕ್ಕೂ ಅಂಟಿಕೊಳ್ಳುತ್ತೆ.

ಸಂಡೂರು_ಗುಡ್ಡ
ಹೆಪೆಸ್ ಬೆಲೆ ಗೊತ್ತಾ ನಿಮಗೆ? ಐದು ತಿಂಗಳಿಂದ ಸ್ಕಾಲರ್‌ಶಿಪ್ ಬರದವರಿಗೆ ಹೆಪೆಸ್ ತಗೊಳ್ಳಿ ಅನ್ನೋದು ಸುಲಭ.

ಗಂಗಾವತಿ_ಗದ್ದೆ
ಬೆಲೆ ನೋಡಿ ಸೈನ್ಸ್ ಮಾಡೋದಾದರೆ ನಿಂಬೆಹಣ್ಣು ಹಿಂಡಿ ಪಿಎಚ್ ಮಾಡಿ.

ತುಂಗೆ_ದಂಡೆ (ಹಂಪಿ ಕಡೆ)
ನನ್ನ ಸ್ಪೆಕ್ಟ್ರೋಫೋಟೋಮೀಟರ್ ಡಬಲ್ ಬೀಮ್. ಟೆಂಪರೇಚರ್ ಹಿಡಿದಿಡುವ ಪೆಲ್ಟಿಯರ್ ಹೋಲ್ಡರ್, ಆರು ಕ್ಯೂವೆಟ್ ಒಟ್ಟಿಗೆ ತಿರುಗುತ್ತೆ, 0.1 ಡಿಗ್ರಿ ಕೂಡ ಆಚೀಚೆ ಆಗಲ್ಲ. ಕರೆಂಟ್ ಹೋದರೆ ಎರಡು ಗಂಟೆ ಯುಪಿಎಸ್. ಈ ತರಹ ತೊಂದರೆ ನನಗೆ ಬಂದೇ ಇಲ್ಲ.

ಬಿಸಿಲೂರು
ಯುಪಿಎಸ್ ಯಾವುದು? ನಮ್ಮದು ಇಪ್ಪತ್ತು ನಿಮಿಷಕ್ಕೇ ಕೀಂಯ್ ಅನ್ನುತ್ತೆ.

ತುಂಗೆ_ದಂಡೆ
ಟ್ಯೂಬುಲಾರ್ ಬ್ಯಾಟರಿ ಹಾಕಿಸಿ. ಡಿಸ್ಟಿಲ್ಡ್ ನೀರು ತಿಂಗಳಿಗೊಮ್ಮೆ.

ಸಂಡೂರು_ಗುಡ್ಡ
ನೋಡಿ, ಅಲ್ಲೂ ನೀರಿನದ್ದೇ ಮಾತು.

ಹಳದಿ_ಕ್ಯೂವೆಟ್
ಥರ್ಮಾಮೀಟರ್ ಅದ್ದಿದೆ. 37.5. ನಾಚಿಕೆ ಆಯ್ತು. ಐಸ್ ಹಾಕಿ 30ಕ್ಕೆ ತಂದೆ. ಬ್ಲಾಂಕ್ ಸ್ವಲ್ಪ ನಿಧಾನ ಆಯ್ತು, 0.19. ಆದರೆ ಹಳದಿ ಆಗೋದು ನಿಲ್ಲಲಿಲ್ಲ.

ಎರೆಮಣ್ಣು (ರಾಯಚೂರು)
ನಾನು ಕೆಮಿಸ್ಟ್ರಿಯವನಲ್ಲ, ಮಣ್ಣಿನವನು. ಆದರೂ ಒಂದು ಮಾತು. ನೀವು ಹಾಕುವ ಇದೇ ನೈಟ್ರೋಫಿನೈಲ್ ಫಾಸ್ಫೇಟ್ ನಾವೂ ಹಾಕುತ್ತೇವೆ. ಒಂದು ಗ್ರಾಂ ಮಣ್ಣು, ಒಂದು ಗಂಟೆ, 37 ಡಿಗ್ರಿ. ಹಳದಿ ಎಷ್ಟು ಬಂತು ಅಂತ ನೋಡಿ ಮಣ್ಣಿನಲ್ಲಿ ಫಾಸ್ಫಟೇಸ್ (ಫಾಸ್ಫೇಟ್ ಕತ್ತರಿಸುವ ಎಂಜೈಮ್) ಎಷ್ಟಿದೆ ಅಂತ ಹೇಳುತ್ತೇವೆ. ನಮಗೆ ಹಳದಿ ಅಂದರೆ ಜೀವ ಇದೆ ಅಂತ ಅರ್ಥ. ನಿಮ್ಮ ಬ್ಲಾಂಕ್ ವರ್ಣನೆ ಓದಿದರೆ ನನಗೆ ನಮ್ಮ ಹೊಲದ ಸ್ಯಾಂಪಲ್ ಓದಿದ ಹಾಗೆ ಆಗುತ್ತಿದೆ.

ಬಫರ್ ಯಾವಾಗ ಮಾಡಿದ್ದು?

ಹಳದಿ_ಕ್ಯೂವೆಟ್
ಯುಗಾದಿಗೆ ಊರಿಗೆ ಹೋಗುವ ಮುಂಚೆ. ಐದು ಲೀಟರ್ ಒಟ್ಟಿಗೆ ಮಾಡಿಟ್ಟಿದ್ದೇನೆ, ದಿನಾ ಮಾಡೋಕೆ ಆಗಲ್ಲ ಅಂತ. ಬಿಳಿ ಕ್ಯಾನ್‌ನಲ್ಲಿದೆ. ಯಾಕೆ ಸರ್? ಬಫರ್ ಕೆಡುತ್ತಾ?

ಸಂಡೂರು_ಗುಡ್ಡ
ಒಂದು ನಿಮಿಷ. ನೀರು ಬದಲಾಯಿಸಿದೆ ಅಂದ್ರಲ್ಲ?

ಹಳದಿ_ಕ್ಯೂವೆಟ್
ಸಬ್‌ಸ್ಟ್ರೇಟ್ (ಒಡೆಯಬೇಕಾದ ನೈಟ್ರೋಫಿನೈಲ್ ಫಾಸ್ಫೇಟ್) ಕರಗಿಸೋಕೆ ಹೊಸ ನೀರು ತಗೊಂಡೆ ಅಣ್ಣಾ. ಬಫರ್ ಮಾತ್ರ ಕ್ಯಾನ್‌ನದ್ದೇ.

ಗಂಗಾವತಿ_ಗದ್ದೆ
ಕ್ಯೂವೆಟ್‌ನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬಫರ್ರೇ ಇರುತ್ತೆ ತಂಗಿ!

ಎರೆಮಣ್ಣು
ಕ್ಯಾನ್ ಅಲ್ಲಾಡಿಸದೆ ಟಾರ್ಚ್ ಹಿಡಿದು ತಳ ನೋಡಿ.

ಹಳದಿ_ಕ್ಯೂವೆಟ್
ನೋಡಿದೆ. ತಳದಲ್ಲಿ ಗಂಜಿ ತಿಳಿಯ ತರಹ ಒಂದು ಪದರ ಇದೆ. ಕ್ಯಾನ್ ವಾಲಿಸಿದರೆ ಹೊಗೆಯ ಹಾಗೆ ಮೇಲೇಳುತ್ತೆ. ಮುಚ್ಚಳದ ಒಳಗೆ ಬೆರಳು ಹಾಕಿದರೆ ಲೋಳೆ ಲೋಳೆ. ನಾನು ಟ್ರಿಸ್ ಪೂರ್ತಿ ಕರಗಿಲ್ಲ ಅಂದುಕೊಂಡು ದಿನಾ ಚೆನ್ನಾಗಿ ಕುಲುಕಿ ತೆಗೆಯುತ್ತಿದ್ದೆ.

ಎರೆಮಣ್ಣು
ಸಾಕು, ಸಿಕ್ಕಿತು. ಅದು ಬ್ಯಾಕ್ಟೀರಿಯಾ. ಟ್ರಿಸ್‌ನಲ್ಲಿ ಫಾಸ್ಫೇಟ್ ಇಲ್ಲ. ಫಾಸ್ಫೇಟ್ ಸಿಗದೆ ಹಸಿದಾಗ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಆಲ್ಕಲೈನ್ ಫಾಸ್ಫಟೇಸ್ ಜಾಸ್ತಿ ಮಾಡುತ್ತವೆ, ಎಲ್ಲಿಂದಾದರೂ ಫಾಸ್ಫೇಟ್ ಕಿತ್ತುಕೊಳ್ಳೋಣ ಅಂತ. ನೀವು ದಿನಾ ಅವಕ್ಕೆ ಊಟ ಬಡಿಸುತ್ತಿದ್ದಿರಿ. ಪಿಎಚ್ 8 ಬೇರೆ ಕೊಟ್ಟಿದ್ದೀರಿ, ಅವಕ್ಕೆ ಹಬ್ಬ.

ಸಂಡೂರು_ಗುಡ್ಡ
ಬ್ಯಾಕ್ಟೀರಿಯಾ ಆದರೆ ಇಡಿಟಿಎಗೆ ಯಾಕೆ ನಿಂತಿತು? ಲೋಹ ಇದ್ದಿದ್ದಕ್ಕೇ ಅಲ್ವಾ?

ಎರೆಮಣ್ಣು
ಲೋಹ ಇದೆ, ಆದರೆ ಎಂಜೈಮ್ ಒಳಗೆ. ಆಲ್ಕಲೈನ್ ಫಾಸ್ಫಟೇಸ್‌ನ ಕೆಲಸದ ಜಾಗದಲ್ಲಿ ಎರಡು ಜಿಂಕ್, ಒಂದು ಮೆಗ್ನೀಷಿಯಂ ಇರುತ್ತೆ. ಇಡಿಟಿಎ ಅದನ್ನೂ ಕಿತ್ತು ಹಾಕುತ್ತೆ. ಹಾಗಾಗಿ ಇಡಿಟಿಎ ಪರೀಕ್ಷೆಯಿಂದ ನೀರಿನ ಲೋಹ, ಎಂಜೈಮಿನ ಲೋಹ ಬೇರೆ ಮಾಡೋಕೆ ಆಗಲ್ಲ. ಬಫರ್ ಕುದಿಸಿ. ಕುದಿಸಿದರೆ ಕಬ್ಬಿಣ ಎಲ್ಲಿಗೂ ಹೋಗಲ್ಲ, ಎಂಜೈಮ್ ಸಾಯುತ್ತೆ.

ಗಂಗಾವತಿ_ಗದ್ದೆ
ಇದು ಮೊದಲೇ ಹೊಳೆಯಬೇಕಿತ್ತು ನಮಗೆ. ಡಿಎನ್‌ಎ ಒಳಗಿನ ಫಾಸ್ಫೇಟ್ ಕೊಂಡಿ 25 ಡಿಗ್ರಿಯಲ್ಲಿ ಬರೀ ನೀರಿನಲ್ಲಿ ಅರ್ಧ ಒಡೆಯೋಕೆ ಸುಮಾರು 3 ಕೋಟಿ ವರ್ಷ ಬೇಕು. ನಾವು ಬಳಸುವ ಬಿಸ್ ನೈಟ್ರೋಫಿನೈಲ್ ಫಾಸ್ಫೇಟ್‌ಗೇ ಪಿಎಚ್ 7ರಲ್ಲಿ ಸುಮಾರು 2000 ವರ್ಷ. ಇವರದ್ದು ಬೇರೆ ಸಬ್‌ಸ್ಟ್ರೇಟ್, ಸರಿ. ಆದರೂ ಗಂಟೆಯಲ್ಲಿ ಇಷ್ಟು ಹಳದಿ ಅಂದರೆ ಒಂದು ಚಿಟಿಕೆ ಧೂಳಿನ ಕೆಲಸ ಅಲ್ಲ. ಎಂಜೈಮ್ ಇಲ್ಲದೆ ಇಷ್ಟು ಜೋರು ಬರಲ್ಲ.

ಹಾಲಿನ_ಕ್ಯಾನ್ (ಬಳ್ಳಾರಿ)
ಡೈರಿ ಲ್ಯಾಬಿನಲ್ಲಿದ್ದೇನೆ. ಹಾಲು ಸರಿಯಾಗಿ ಪಾಶ್ಚರೈಸ್ ಆಯಿತಾ ಅಂತ ನೋಡೋದೂ ಇದೇ ಹಳದಿಯಿಂದ. ಕುದಿಸೋದು ಬೇಡ, 72 ಡಿಗ್ರಿ 15 ಸೆಕೆಂಡ್ ಸಾಕು, ಫಾಸ್ಫಟೇಸ್ ಖಲಾಸ್.

ಎರೆಮಣ್ಣು
ಅದು ಹಸುವಿನ ಎಂಜೈಮ್ ಸ್ವಾಮಿ. ಇ. ಕೋಲಿಯದ್ದು 80 ಡಿಗ್ರಿಗೂ ಜಗ್ಗಲ್ಲ. ಚೆನ್ನಾಗಿ ಕುದಿಯಲಿ, ಹದಿನೈದು ಇಪ್ಪತ್ತು ನಿಮಿಷ.

ಹಾಲಿನ_ಕ್ಯಾನ್
ಎಮ್ಮೆ ಹಾಲೂ ಬರುತ್ತೆ ನಮ್ಮಲ್ಲಿ.

ಹಳದಿ_ಕ್ಯೂವೆಟ್
ಮೂರು ಕ್ಯೂವೆಟ್ ಇಟ್ಟೆ, ಮೂರೂ 30 ಡಿಗ್ರಿ, ಐಸ್ ಹಾಕುತ್ತಾ ಕಾದೆ. ಹಳೆ ಬಫರ್: 0.20. ಅದೇ ಬಫರ್ 20 ನಿಮಿಷ ಕುದಿಸಿ, ಆರಿಸಿ, ಪಿಎಚ್ ಮತ್ತೆ ನೋಡಿದ್ದು: 0.05. ಇವತ್ತು ಹೊಸದಾಗಿ ಮಾಡಿ 0.22 ಮೈಕ್ರಾನ್ ಫಿಲ್ಟರ್ ಹಾಕಿದ್ದು: 0.04. ಅದೂ ನಮ್ಮ ಅದೇ ಹಳೆ ಡಿಸ್ಟಿಲ್ಡ್ ನೀರಿನಲ್ಲೇ, ಸಂಡೂರು ಅಣ್ಣಾ.

ಎರೆಮಣ್ಣು ಸರ್, ನಿಮ್ಮ ಕಾಲಿಗೆ ಬಿದ್ದೆ.

ಆದರೆ ಇನ್ನೊಂದು ಸಂಕಟ. ಮೊದಲು ಇದೇ 30 ಡಿಗ್ರಿಯಲ್ಲಿ ಕಾಂಪ್ಲೆಕ್ಸ್ ರೀಡಿಂಗ್‌ನಿಂದ ಬ್ಲಾಂಕ್ ಕಳೆದರೆ 0.17 ಉಳಿಯುತ್ತಿತ್ತು. ಹೊಸ ಬಫರ್‌ನಲ್ಲಿ ಬರೀ 0.09. ಬ್ಲಾಂಕ್ ಕಳೆದ ಮೇಲೂ ಯಾಕೆ ಕಡಿಮೆ?

ಎರೆಮಣ್ಣು
ಬ್ಯಾಕ್ಟೀರಿಯಾದ್ದು ಜಿಂಕ್ ಎಂಜೈಮ್, ನೀವು ಕಾಂಪ್ಲೆಕ್ಸ್ ರೂಪದಲ್ಲಿ ಜಿಂಕ್ ಹಾಕಿದ್ದೀರಿ. ಅದರಿಂದ ಎಂಜೈಮ್ ಚುರುಕಾಗಿರಬಹುದು. ಹಾಗಿದ್ದರೆ ಬ್ಲಾಂಕ್ ಕಳೆದರೂ ಲೆಕ್ಕ ಕೂಡಲ್ಲ. ಇದು ನನ್ನ ಊಹೆ. ಲಿಗ್ಯಾಂಡ್ ಇಲ್ಲದೆ ಬರೀ ಜಿಂಕ್ ಉಪ್ಪು ಹಾಕಿ ಹಳೆ ಬಫರ್‌ನಲ್ಲಿ ಒಂದು ಸಲ ಓದಿ. ಕ್ಯಾನ್ ಇನ್ನೂ ಚೆಲ್ಲಿಲ್ಲ ತಾನೇ?

ಹಳದಿ_ಕ್ಯೂವೆಟ್
ಚೆಲ್ಲಿಬಿಟ್ಟೆ. ಬ್ಲೀಚ್ ಹಾಕಿ.

ಬಿಸಿಲೂರು
ಥ್ರೆಡ್ ಪೂರ್ತಿ ಓದಲಿಲ್ಲ. ಶಿಫ್ ಬೇಸ್ ಬಣ್ಣ ಚೆಕ್ ಮಾಡಿದ್ರಾ?

ಕಾಪರ್_ಕೊಪ್ಪಳ
ಇಲ್ಲೇ ಕೇಳಬಹುದಾ? ನನ್ನ ಕಾಪರ್ ಕಾಂಪ್ಲೆಕ್ಸ್ ಪಿಎಚ್ 9 ದಾಟಿದರೆ ಕೆಸರಾಗಿ ತಳಕ್ಕೆ ಕೂರುತ್ತೆ. ಎಲ್ಲ ಸರಿಯಾಗೇ ಮಾಡಿದ್ದೇನೆ.

ಸಂಡೂರು_ಗುಡ್ಡ
ಕೇಳಿ, ಕೇಳಿ. ನೀರು ಯಾವ ಊರಿದ್ದು?